ಮೇಯರ್ ಆಗೋಕೆ ನಿಲ್ಲಬೇಕು ಅನ್ನೋ ತಂಗಿಗೆ: ಮೊದ್ಲು ವಾರ್ಡಿನ ಲೆಕ್ಕ ನೋಡೋಣ

ಪ್ರಶ್ನೆ:

"ಸಾರ್ ನಮಸ್ಕಾರ. ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ನಗರಸಭೆ ಊರು, ಊರಿನ ಹೆಸರು ನನ್ನ ಹೆಸರು ಎರಡೂ ಹಾಕ್ಬೇಡಿ ದಯವಿಟ್ಟು. ನನಗೆ 36 ವರ್ಷ, ಮೂರು ಮಕ್ಕಳು. ಹತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘ ನಡೆಸ್ತಿದೀನಿ, ಮನೇಲೇ ಹೊಲಿಗೆ ಕೆಲಸ. ನಾವಿರೋದು ಬೈಪಾಸ್ ಕಡೆಯ ಹೊಸ ಬಡಾವಣೆ, ಎಂಟು ವರ್ಷದ ಹಿಂದೆ ಇಲ್ಲಿ ಬರೀ ಶೇಂಗಾ ಹೊಲ ಇತ್ತು, ಈಗ ಇನ್ನೂರು ಮನೆ ಮೇಲೆ ಆಗಿದಾವೆ. ನೀರು ಎಂಟು ದಿನಕ್ಕೊಮ್ಮೆ, ಚರಂಡಿ ಇಲ್ಲ, ಖಾತಾ ಇಲ್ಲ. ಹೋದ ಬೇಸಿಗೇಲಿ ನಾವು ಹೆಂಗಸರೆಲ್ಲ ಖಾಲಿ ಕೊಡ ಇಟ್ಕೊಂಡು ನಗರಸಭೆ ಮುಂದೆ ಕೂತಿದ್ವಿ, ಮೂರನೇ ದಿನಕ್ಕೆ ಪೈಪ್ ಹಾಕಿದ್ರು. ಅವತ್ತಿಂದ ಎಲ್ಲರೂ 'ಮುಂದಿನ ಸಲ ನೀನೇ ನಿಲ್ಲಮ್ಮ, ನೀನೇ ಮೇಯರ್ ಆಗು' ಅಂತಿದಾರೆ. ನನಗೂ ಆಸೆ ಇದೆ, ಸುಳ್ಳು ಹೇಳಲ್ಲ. ಆದ್ರೆ ನಮ್ಮ ಮಾವನೋರು ಇಪ್ಪತ್ತು ಲಕ್ಷ ಇಲ್ದೆ ಆಗೋ ಕೆಲಸ ಅಲ್ಲ ಇದು, ಮನೆ ಮುಳುಗುತ್ತೆ ಅಂತಾರೆ. ನಮ್ಮಕ್ಕನ್ನ ಆಂಧ್ರದ ರಾಯದುರ್ಗಕ್ಕೆ ಕೊಟ್ಟಿದೆ, ಅವಳು ಮೂರು ಮಕ್ಕಳಿದ್ರೆ ನಿಲ್ಲೋ ಹಾಗೇ ಇಲ್ಲ ಅಂದ್ಲು. ನಮ್ಮನೆಯೋರು ಸಣ್ಣಪುಟ್ಟ ಸಿವಿಲ್ ಕಂಟ್ರಾಕ್ಟ್ ಮಾಡ್ತಾರೆ, ನಗರಸಭೇದು ಒಂದು ಚರಂಡಿ ಕೆಲಸ ಅವರ ಕೈಲಿದೆ, ಬಿಲ್ ಇನ್ನೂ ಆಗಿಲ್ಲ. ಪಾರ್ಟಿಯವರು ಒಬ್ರು ಬಂದು ಟಿಕೆಟ್ ಕೊಡಿಸ್ತೀನಿ ಅಂತ ಹೇಳಿ ಹೋದ್ರು. ಪಾರ್ಟಿಯಿಂದ ನಿಲ್ಲೋದಾ, ಪಕ್ಷೇತರಳಾಗಿ ನಿಲ್ಲೋದಾ? ಗೆದ್ದು ಅಧ್ಯಕ್ಷೆ ಆದ್ರೆ ನಮ್ಮ ಬಡಾವಣೆಗೆ ನೀರು, ಖಾತಾ ಮಾಡಿಸೋಕೆ ಆಗುತ್ತಾ? ದಯವಿಟ್ಟು ಮುಚ್ಚುಮರೆ ಇಲ್ದೆ ಹೇಳಿ."

ಉತ್ತರ:

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಾನು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಪಟ್ಟಣ ಪಂಚಾಯ್ತಿ, ಪುರಸಭೆ, ನಗರಸಭೆಗಳಲ್ಲಿ ಮುವತ್ತು ವರ್ಷದ ಹತ್ರ ಕೆಲಸ ಮಾಡಿ ಮುಖ್ಯಾಧಿಕಾರಿಯಾಗಿ ರಿಟೈರ್ ಆದೋನು. ಅಧ್ಯಕ್ಷರ ಪಕ್ಕದ ಕುರ್ಚೀಲಿ ಕೂತು ಎಷ್ಟೋ ಮೀಟಿಂಗ್ ನೋಡಿದೀನಿ, ಒಳ್ಳೆ ಮನಸ್ಸಿಂದ ಬಂದೋರು ಆರು ತಿಂಗಳಿಗೇ ಸುಸ್ತಾಗಿ ಹೋಗಿದ್ದೂ ನೋಡಿದೀನಿ, ಯಾರೂ ಲೆಕ್ಕಕ್ಕೇ ಇಟ್ಕೊಳ್ಳದ ಹೆಣ್ಮಗಳು ಇಡೀ ಕೌನ್ಸಿಲ್ಲನ್ನ ಕೈಯಲ್ಲಿಟ್ಕೊಂಡು ನಡೆಸಿದ್ದೂ ನೋಡಿದೀನಿ. ನಿಮ್ಮ ಭಯ ಏನು ಅಂತ ನನಗೆ ಅರ್ಥ ಆಯ್ತು. ಮನೆ ದುಡ್ಡು ಹೋಗುತ್ತಾ, ಕಾನೂನು ಅಡ್ಡ ಬರುತ್ತಾ, ಇಷ್ಟೆಲ್ಲ ಮಾಡಿ ಗೆದ್ರೂ ಬಡಾವಣೆಗೆ ಏನಾದ್ರೂ ಆಗುತ್ತಾ, ಈ ಮೂರೇ. ಒಂದೊಂದಾಗಿ ಹೇಳ್ತೀನಿ, ಆದ್ರೆ ಅದಕ್ಕೂ ಮೊದ್ಲು ಒಂದು ತಪ್ಪು ತಿಳುವಳಿಕೆ ಬಿಡಿಸ್ಬೇಕು.

ನಮ್ಮಲ್ಲಿ "ಮೇಯರ್ ಎಲೆಕ್ಷನ್ನಿಗೆ ನಿಲ್ಲೋದು" ಅಂತ ಒಂದು ಇಲ್ಲವೇ ಇಲ್ಲ. ಮೇಯರ್ ಅನ್ನೋ ಹೆಸರಿರೋದು ಮಹಾನಗರ ಪಾಲಿಕೆಗೆ ಮಾತ್ರ. ದಾವಣಗೆರೆ 2007ರಲ್ಲಿ ಪಾಲಿಕೆ ಆಯ್ತು, ಹಾಗಾಗಿ ಅಲ್ಲಿ ಮೇಯರ್ ಹುದ್ದೆ ಇದೆ. ನಿಮ್ಮೂರು, ಹಿರಿಯೂರು, ಚಳ್ಳಕೆರೆ, ಹರಿಹರ, ಚಿತ್ರದುರ್ಗ ಇವೆಲ್ಲ ನಗರಸಭೆ, 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಕೆಳಗೆ ಬರ್ತವೆ, ಇಲ್ಲಿರೋದು ಅಧ್ಯಕ್ಷ ಉಪಾಧ್ಯಕ್ಷ. ಹೆಸರು ಏನೇ ಇರಲಿ, ಜನ ನೇರವಾಗಿ ವೋಟ್ ಹಾಕಿ ಆ ಕುರ್ಚಿಗೆ ಕೂರಿಸೋ ಪದ್ಧತಿ ನಮ್ಮ ರಾಜ್ಯದಲ್ಲಿಲ್ಲ. ಉತ್ತರ ಪ್ರದೇಶ, ಮಧ್ಯಪ್ರದೇಶದ ಕಡೆ ಜನ ನೇರವಾಗಿ ಮೇಯರ್ ಆರಿಸ್ತಾರೆ, ಟೀವೀಲಿ ಅದನ್ನ ನೋಡಿ ಇಲ್ಲೂ ಹಂಗೇ ಅಂತ ಎಷ್ಟೋ ಜನ ತಿಳ್ಕೊಂಡಿದಾರೆ. ನೀವು ನಿಲ್ಲೋದು ಒಂದು ವಾರ್ಡಿಗೆ. ಆ ವಾರ್ಡಿಂದ ಸದಸ್ಯೆ ಆಗ್ತೀರಿ, ಅಷ್ಟು ನಿಮ್ಮ ಕೈಲಿದೆ. ಅಧ್ಯಕ್ಷೆ ಆಗೋದು ಮಿಕ್ಕ ಸದಸ್ಯರ ಕೈಲಿ, ಅದಕ್ಕಿಂತ ಮೊದ್ಲು ಸರ್ಕಾರದ ಮೀಸಲಾತಿ ಪಟ್ಟೀಲಿ.

ಲೆಕ್ಕಕ್ಕೆ ಚಳ್ಳಕೆರೆ ತಗೊಳ್ಳೋಣ. 2011ರ ಜನಗಣತೀಲಿ 55 ಸಾವಿರ ಚಿಲ್ಲರೆ ಜನ, 31 ವಾರ್ಡು. ಭಾಗಿಸಿದ್ರೆ ಒಂದು ವಾರ್ಡಿಗೆ ಹೆಚ್ಚುಕಮ್ಮಿ 1,800 ಜನ, ಅದರಲ್ಲಿ ಮಕ್ಕಳನ್ನ ಬಿಟ್ರೆ ವೋಟರ್ಸ್ ಇನ್ನೂ ಕಮ್ಮಿ, ಮೂರು ನಾಲ್ಕು ಜನ ಕ್ಯಾಂಡಿಡೇಟ್ ನಿಂತ್ರೆ ಐದಾರು ನೂರು ವೋಟ್ ತಗೊಂಡೋರು ಗೆದ್ದುಬಿಡ್ತಾರೆ. ಇನ್ನೂರು ಮನೆ ಪರಿಚಯ ಇರೋ ಹೆಣ್ಮಗಳಿಗೆ ಇದು ದೊಡ್ಡ ಬೆಟ್ಟ ಅಲ್ಲ. ಆದ್ರೆ ಅಧ್ಯಕ್ಷರ ಎಲೆಕ್ಷನ್ನು ನೋಡಿ, 31 ಸದಸ್ಯರ ಜೊತೆ ಶಾಸಕರಿಗೂ ಸಂಸದರಿಗೂ ವೋಟು, ಒಟ್ಟು 33, ಅಂದ್ರೆ 17 ಕೈ ಬೇಕು. ಸರ್ಕಾರ ನೇಮಿಸೋ ನಾಮಿನೇಟೆಡ್ ಸದಸ್ಯರು ಇರ್ತಾರಲ್ಲ, ಅವರಿಗೆ ವೋಟಿಲ್ಲ.

ಕೈ ಅಂದಿದ್ದು ಮಾತಿಗಲ್ಲ, ನಿಜವಾಗ್ಲೂ ಕೈ ಎತ್ತೇ ವೋಟ್ ಹಾಕೋದು. ಒಂದು ಊರಲ್ಲಿ ನಡೆದಿದ್ದು ಹೇಳ್ತೀನಿ. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ, ಹೊರಗೆ ಪೊಲೀಸು, ಒಂದು ಗುಂಪಿನ ಸದಸ್ಯರನ್ನ ಟಿಟಿ ಗಾಡೀಲಿ ತಂದು ಇಳಿಸಿದ್ರು, ನಾಲ್ಕು ದಿನದಿಂದ ಅವರು ಊರಲ್ಲೇ ಇರ್ಲಿಲ್ಲ, ಮುಖ ಎಲ್ಲ ಬಾಡಿತ್ತು. ಚುನಾವಣೆ ನಡೆಸೋಕೆ ಬಂದಿದ್ದ ಎಸಿ ಸಾಹೇಬ್ರು, ಅಂದ್ರೆ ಉಪವಿಭಾಗಾಧಿಕಾರಿ, ಹೆಸರು ಓದಿದ್ರು. ಹಿಂದಿನ ಸಾಲಿನ ಒಬ್ರು ಸದಸ್ಯರು ಕೈಯನ್ನ ಎದೆಮಟ್ಟಕ್ಕೆ ಎತ್ತಿ ಅಲ್ಲೇ ನಿಲ್ಲಿಸ್ಬಿಟ್ರು, ಕಣ್ಣು ಟೇಬಲ್ ಮೇಲೆ. "ಪೂರ್ತಿ ಎತ್ರಿ, ನನಗೆ ಕಾಣ್ಬೇಕು" ಅಂದ್ರು ಎಸಿ. ಆ ಮನುಷ್ಯ ಎತ್ತಿದ್ರು, ಒಂದು ವೋಟಿಂದ ಫಲಿತಾಂಶ ತಿರುಗಿತು, ಸಂಜೆಯೊಳಗೆ ಅವರ ಮನೆ ಮುಂದೆ ಗಲಾಟೆ. ಪಾರ್ಟಿ ಸಿಂಬಲ್ ಮೇಲೆ ಗೆದ್ದೋರು ವಿಪ್, ಅಂದ್ರೆ ಹಿಂಗೇ ವೋಟ್ ಹಾಕಿ ಅಂತ ಪಾರ್ಟಿ ಕೊಟ್ಟ ಆದೇಶ, ಮೀರಿ ಕೈ ಎತ್ತಿದ್ರೆ 1987ರ ಪಕ್ಷಾಂತರ ನಿಷೇಧ ಕಾಯ್ದೇಲಿ ಸದಸ್ಯತ್ವವೇ ಹೋಗುತ್ತೆ, ಆ ಕೇಸು ಆಮೇಲೆ ಬಹಳ ದಿನ ನಡೀತು. ಇದನ್ನ ಯಾಕೆ ಹೇಳ್ದೆ ಅಂದ್ರೆ, "ಜನ ನನ್ನ ಜೊತೆ ಇದಾರೆ" ಅನ್ನೋ ಬಲ ಈ ಹಾಲ್ ಒಳಗೆ ಕೆಲಸ ಮಾಡಲ್ಲ.

ದಾವಣಗೆರೇಲಿ ಆಗಿದ್ದು ನಿಮಗೆ ನೆನಪಿರ್ಬಹುದು. 2019ರ ನವೆಂಬರಲ್ಲಿ ಪಾಲಿಕೆ ಎಲೆಕ್ಷನ್ ಆಯ್ತು, 45 ವಾರ್ಡು, ಕಾಂಗ್ರೆಸ್ಸು 22 ಗೆದ್ದಿತ್ತು, ಬಿಜೆಪಿ 17. ಒಂದೇ ಒಂದು ಕಮ್ಮಿ ಬಹುಮತಕ್ಕೆ. ಆದ್ರೆ 2020ರ ಫೆಬ್ರವರೀಲಿ ಮೇಯರ್ ಕುರ್ಚೀಲಿ ಕೂತಿದ್ದು ಬಿಜೆಪಿಯವರು, ಪಕ್ಷೇತರರು ಮತ್ತೆ ಶಾಸಕ, ಸಂಸದ, ಎಂಎಲ್‌ಸಿಗಳ ವೋಟು ಸೇರಿ ಲೆಕ್ಕ ಬದಲಾಯ್ತು. ಸರಿನೋ ತಪ್ಪೋ ಅಂತ ನಾನಿಲ್ಲಿ ಹೇಳ್ತಿಲ್ಲ, ಆಟದ ನಿಯಮ ಹಿಂಗಿದೆ ಅಂತ ತೋರಿಸ್ತಿದೀನಿ ಅಷ್ಟೆ.

ಇನ್ನು ಮೀಸಲಾತಿ. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಅಂತ ರಾಜ್ಯ ಸರ್ಕಾರ ಪಟ್ಟಿ ಹೊರಡಿಸುತ್ತೆ, ಸಾಮಾನ್ಯ, ಸಾಮಾನ್ಯ ಮಹಿಳೆ, ಹಿಂದುಳಿದ ವರ್ಗ ಎ, ಬಿ, ಎಸ್‌ಸಿ, ಎಸ್‌ಟಿ, ಪ್ರತಿಯೊಂದರಲ್ಲೂ ಮಹಿಳೆಗೆ ಪಾಲು. ಅಧ್ಯಕ್ಷರ ಅವಧಿ 30 ತಿಂಗಳು, ಅಂದ್ರೆ ಒಂದು ಕೌನ್ಸಿಲ್ಲಿನ ಐದು ವರ್ಷದಲ್ಲಿ ಎರಡು ಸಲ ಈ ಪಟ್ಟಿ ಬರುತ್ತೆ. ನೀವು ನಿಲ್ಲೋ ಹೊತ್ತಿಗೆ ನಿಮ್ಮೂರಿಗೆ ಯಾವುದು ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಗೊತ್ತು ಅಂತ ಹೇಳೋರನ್ನ ನಂಬಬೇಡಿ. ಈ ಪಟ್ಟಿ ಮೇಲೆ ಕೋರ್ಟಿಗೆ ಹೋಗೋರೂ ಜಾಸ್ತಿ. 2018ರ ಸೆಪ್ಟೆಂಬರಲ್ಲಿ ನಮ್ಮ ಕಡೆ ಎಷ್ಟೋ ಊರುಗಳ ರಿಸಲ್ಟ್ ಬಂತಲ್ಲ, ಗೆದ್ದೋರು ಹಾರ ಹಾಕಿಸ್ಕೊಂಡು ಮೆರವಣಿಗೆ ಮಾಡಿಸ್ಕೊಂಡ್ರು, ಆಮೇಲೆ ಮೀಸಲಾತಿ ಕೇಸು ಕೋರ್ಟಲ್ಲಿ ನಿಂತು ಅಧ್ಯಕ್ಷರ ಆಯ್ಕೆ ಆಗಿದ್ದು 2020ರ ಕೊನೇಲಿ. ಎರಡು ವರ್ಷ ಅವರು ಹೆಸರಿಗೆ ಮಾತ್ರ ಸದಸ್ಯರು, ಆಡಳಿತಾಧಿಕಾರಿಗಳದೇ ಆಡಳಿತ, ವಾರ್ಡಿನ ಜನ ಬಂದು "ಗೆಲ್ಸಿದ್ವಲ್ಲ, ಲೈಟ್ ಹಾಕ್ಸು" ಅಂದ್ರೆ ಹೇಳೋಕೆ ಮಾತಿಲ್ಲ. ಎರಡನೇ ಅವಧಿಗೂ ಪಟ್ಟಿ ತಡ ಆಗಿ 2024ರ ಆಗಸ್ಟಲ್ಲಿ ಬಂತು.

ಇದರಲ್ಲೇ ಇನ್ನೊಂದು ವಿಚಿತ್ರ ಇದೆ. ಮೀಸಲು ಬಂದ ವರ್ಗದೋರು ಕೌನ್ಸಿಲ್ಲಲ್ಲಿ ಒಬ್ರೇ ಇದ್ರೆ ಅವರೇ ಅವಿರೋಧ, ಅವರು ಯಾವ ಪಾರ್ಟಿ, ಎಷ್ಟು ಜನ ಜೊತೆಗಿದಾರೆ ಅನ್ನೋದು ಲೆಕ್ಕಕ್ಕಿಲ್ಲ. ನಾನು ಕೆಲಸ ಮಾಡಿದ ಒಂದು ಊರಲ್ಲಿ ಹಿಂಗೇ ಒಬ್ರು ಹೆಣ್ಮಗಳು ಅಧ್ಯಕ್ಷೆ ಆದ್ರು. ಊರೆಲ್ಲ ಅದೃಷ್ಟ ಅಂದ್ರೆ ಅದೃಷ್ಟ ಅಂತು. ಆಮೇಲೆ ಏನಾಯ್ತು ಅಂದ್ರೆ, ಪ್ರತಿ ಮೀಟಿಂಗಲ್ಲೂ ಎದುರುಗಡೆ ಬಹುಮತ, ಅವರು ತಂದ ವಿಷಯ ಒಂದೂ ಪಾಸಾಗ್ತಿರ್ಲಿಲ್ಲ, ಬಜೆಟ್ ಮೀಟಿಂಗ್ ಎರಡು ಸಲ ಮುಂದಕ್ಕೆ ಹೋಯ್ತು. ಅವಿಶ್ವಾಸ ತಂದು ಇಳಿಸೋಕೆ ಮೂರನೇ ಎರಡು ಭಾಗ ಸದಸ್ಯರು ಬೇಕು, ಅಷ್ಟು ಜನ ಸೇರ್ಲಿಲ್ಲ, ಹಾಗಾಗಿ ಕುರ್ಚಿ ಉಳೀತು ಆದ್ರೆ ಕೆಲಸ ನಡೀಲಿಲ್ಲ. ಒಂದಿನ ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಎದ್ದು ಹೋದ್ರು, ಆಯಮ್ಮ ಒಬ್ರೇ ಕೂತು ನಡಾವಳಿ ಪುಸ್ತಕ ಮುಂದಿಟ್ಕೊಂಡು "ಸಾರ್, ಇದರಲ್ಲಿ ನಾನು ಮಾಡಿದ್ದು ಅಂತ ಯಾವ ಪುಟದಲ್ಲಿ ಇದೆ ತೋರ್ಸಿ" ಅಂದ್ರು. ನನಗೆ ಉತ್ತರ ಕೊಡೋಕೆ ಆಗ್ಲಿಲ್ಲ, ಇವತ್ತಿಗೂ ಆ ಮಾತು ಮನಸ್ಸಲ್ಲಿದೆ.

ಅದಕ್ಕೇ ನಿಮಗೆ ನಾನು ಹೇಳೋದು ಇಷ್ಟು. ಅಧ್ಯಕ್ಷೆ ಆಗೋದನ್ನ ತಲೆಯಿಂದ ತೆಗೆದು ನೋಡಿ. ಐದು ವರ್ಷ ಬರೀ ಒಂದು ವಾರ್ಡಿನ ಸದಸ್ಯೆ ಆಗಿರೋಕೆ ನಿಮಗೆ ಮನಸ್ಸಿದ್ರೆ ನಿಲ್ಲಿ. ಕುರ್ಚಿ ಸಿಕ್ಕಿದ್ರೆ ಸರಿ, ಸಿಗದಿದ್ರೂ ನಷ್ಟ ಇಲ್ಲ ಅನ್ನೋ ಹಾಗಿದ್ರೆ ಮಾತ್ರ.

ಈಗ ನಿಮ್ಮ ಅಕ್ಕನ ಮಾತಿಗೆ ಬರೋಣ. ಮೂರು ಮಕ್ಕಳ ವಿಚಾರ ಬಿಟ್ಟಾಕಿ. ಆಂಧ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ರೆ ಲೋಕಲ್ ಬಾಡಿಗೆ ನಿಲ್ಲೋ ಹಾಗಿಲ್ಲ ಅಂತ ಕಾನೂನಿತ್ತು, ಅಕ್ಕ ಅಲ್ಲಿ ಕೇಳಿದ್ದನ್ನೇ ಹೇಳಿದಾರೆ, ಅಲ್ಲೂ 2024ರಲ್ಲಿ ಅದನ್ನ ತೆಗೆದ್ರು. ನಮ್ಮ ನಗರಸಭೆಗೆ ಆ ನಿಯಮ ಇಲ್ಲ. ಓದಿನ ಅರ್ಹತೆಯೂ ಇಲ್ಲ, ಎಸ್ಸೆಸ್ಸೆಲ್ಸಿ ಆಗಿರ್ಬೇಕು ಅಂತ ಯಾರೋ ಹೇಳ್ತಾರೆ, ಸುಳ್ಳು. 21 ವರ್ಷ ತುಂಬಿರ್ಬೇಕು, ನಿಮ್ಮ ಹೆಸರು ಆ ಊರಿನ ಮತದಾರರ ಪಟ್ಟೀಲಿ ಇರ್ಬೇಕು. ಊರಿನ ಯಾವ ವಾರ್ಡಿಂದಾದ್ರೂ ನಿಲ್ಲಬಹುದು, ಆದ್ರೆ ನಿಮ್ಮನ್ನ ಸೂಚಿಸಿ ಸೈನ್ ಹಾಕೋರು ಅದೇ ವಾರ್ಡಿನ ಮತದಾರರಾಗಿರ್ಬೇಕು. ಇದು ಗೊತ್ತಿಲ್ದೆ ನಾಮಪತ್ರ ತಿರಸ್ಕಾರ ಆಗಿದ್ದು ನೋಡಿದೀನಿ. ಹೊಸ ಬಡಾವಣೆಯೋರದ್ದು ಇನ್ನೊಂದು ಗೋಳು ಇದೆ, ಹಳೇ ಮನೆ ವಿಳಾಸದಲ್ಲೇ ಹೆಸರಿರುತ್ತೆ, ನಿಮ್ಮ ಇನ್ನೂರು ಮನೇಲಿ ನಿಜವಾಗ್ಲೂ ನಿಮ್ಮ ವಾರ್ಡಿನ ಪಟ್ಟೀಲಿ ಇರೋರು ಎಷ್ಟು ಅಂತ ಎಣಿಸಿ ನೋಡಿ, ಅರ್ಧಕ್ಕರ್ಧ ಇಲ್ದೆ ಹೋದ್ರೆ ಆಶ್ಚರ್ಯ ಪಡ್ಬೇಡಿ.

ಜಾತಿ ಸರ್ಟಿಫಿಕೇಟಿನ ವಿಷಯ ಹೆಣ್ಮಕ್ಕಳು ಬಹಳ ಎಡವೋ ಜಾಗ. ನಿಮ್ಮ ವರ್ಗ ಯಾವುದು ಅಂತ ನೋಡೋದು ನಿಮ್ಮ ತಂದೆ ಕಡೆಯಿಂದ, ಗಂಡನ ಕಡೆಯಿಂದ ಅಲ್ಲ. ಕಾಲೇಜಿಗೆ, ನೌಕರಿಗೆ ಅಂತ ತಗೊಂಡ 2ಎ, 3ಬಿ ಸರ್ಟಿಫಿಕೇಟು ಇಲ್ಲಿ ನಡೆಯಲ್ಲ, ಲೋಕಲ್ ಬಾಡಿಗೆ ಹಿಂದುಳಿದ ವರ್ಗ ಎ, ಬಿ ಅಂತ ಬೇರೇನೇ ಇದೆ, ತಹಶೀಲ್ದಾರ್ ಆಫೀಸಲ್ಲಿ ಚುನಾವಣೆಗೆ ಅಂತಲೇ ಕೇಳಿ ಮಾಡಿಸ್ಬೇಕು. ನಾಮಪತ್ರಕ್ಕೆ ಎರಡು ದಿನ ಇದ್ದಾಗ ತವರೂರಿಗೆ ಓಡೋ ಪರಿಸ್ಥಿತಿ ತಂದ್ಕೋಬೇಡಿ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗ್ಲೂ ಕಳವಳ ಆಗಿದ್ದು ಒಂದೇ ಸಾಲು, ನಿಮ್ಮನೆಯೋರ ಕೈಲಿರೋ ಚರಂಡಿ ಕೆಲಸ. ನಗರಸಭೆಯ ಕಾಮಗಾರಿ, ಗುತ್ತಿಗೇಲಿ ನೇರವಾಗೋ ಬಳಸು ದಾರೀಲೋ ಪಾಲಿರೋರು ಸದಸ್ಯರಾಗೋ ಹಾಗಿಲ್ಲ. ಕೆಲಸ ನನ್ನದಲ್ಲ ಗಂಡಂದು ಅನ್ನಬಹುದು ನೀವು, ಆದ್ರೆ ಎದುರಾಳಿ ಲಾಯರ್ ಬಿಡ್ತಾನಾ, ಒಂದೇ ಮನೆ, ಒಂದೇ ಬ್ಯಾಂಕ್ ಅಕೌಂಟಿಗೆ ಬಿಲ್ ಬಂದಿದೆ ಅಂತ ನಾಮಪತ್ರ ಪರಿಶೀಲನೆ ದಿನ ತಕರಾರು ಹಾಕ್ತಾನೆ, ಅಲ್ಲಿ ಬಚಾವಾದ್ರೂ ಗೆದ್ದ ಮೇಲೆ ಕೋರ್ಟಿಗೆ ಎಳೀತಾನೆ. ಹಾಗಾಗಿ ಎಲೆಕ್ಷನ್ ಘೋಷಣೆಗೆ ಮೊದ್ಲೇ ಆ ಕೆಲಸ ಮುಗಿಸಿ, ಆದ ಕೆಲಸದ ಲೆಕ್ಕ ಬರೆಯೋ ಅಳತೆ ಪುಸ್ತಕಕ್ಕೆ ಹತ್ತಿಸಿ, ಫೈನಲ್ ಬಿಲ್ ತಗೊಂಡು, ಕಂಟ್ರಾಕ್ಟು ಮುಗಿದಿದೆ ಅಂತ ಬರವಣಿಗೇಲಿ ಪತ್ರ ಇಟ್ಕೊಳ್ಳಿ. ಡಿಪಾಸಿಟ್ ಹಣ ಇನ್ನೂ ನಗರಸಭೇಲೇ ಇದ್ರೆ ಅದರ ಬಗ್ಗೆ ಎಲೆಕ್ಷನ್ ಕೇಸ್ ನಡೆಸಿರೋ ವಕೀಲರೊಬ್ಬರನ್ನ ಕೇಳಿ, ಇದು ನನ್ನಂಥೋನ ಮಾತಿನ ಮೇಲೆ ನಡೆಯೋ ವಿಷಯ ಅಲ್ಲ. ಮುಂದೆ ಐದು ವರ್ಷ ನಿಮ್ಮೂರ ನಗರಸಭೆ ಟೆಂಡರಿಗೆ ನಿಮ್ಮನೆಯೋರು ಕೈ ಹಾಕೋ ಹಾಗಿಲ್ಲ. ಮನೆ ಆದಾಯದಲ್ಲಿ ಇದು ಎಷ್ಟು ಕಮ್ಮಿ ಆಗುತ್ತೆ ಅಂತ ಇಬ್ರೂ ಕೂತು ಮೊದ್ಲು ಮಾತಾಡಿ. ಮಾವನೋರು ಹೇಳೋ ಇಪ್ಪತ್ತು ಲಕ್ಷಕ್ಕಿಂತ ನಿಮ್ಮನೆಗೆ ನಿಜವಾದ ಖರ್ಚು ಇದು. ಮನೆ ಕಂದಾಯ, ನೀರಿನ ಬಾಕಿ ಇದ್ರೆ ಅದನ್ನೂ ಕಟ್ಟಿ ರಸೀದಿ ಇಟ್ಕೊಳ್ಳಿ.

ಇಪ್ಪತ್ತು ಲಕ್ಷದ ಮಾತು. ಮಾವನೋರು ಸುಳ್ಳು ಹೇಳ್ತಿಲ್ಲ, ಅಷ್ಟು ಸುರಿಯೋರೂ ಇದಾರೆ. ಆದ್ರೆ ಕಾನೂನು ಏನು ಹೇಳುತ್ತೆ, 2018ರ ಎಲೆಕ್ಷನ್ನಲ್ಲಿ ನಗರಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 2 ಲಕ್ಷ ಇತ್ತು. ಖರ್ಚಿನ ಲೆಕ್ಕ ಚುನಾವಣಾ ಆಯೋಗಕ್ಕೆ ಕೊಡ್ಲೇಬೇಕು, ಸೋತೋರೂ ಕೊಡ್ಬೇಕು, ಕೊಡದೆ ಮುಂದಿನ ಸಲ ನಿಲ್ಲೋಕೆ ಅನರ್ಹ ಆದೋರು ಇದಾರೆ. ಕವರಲ್ಲಿ ದುಡ್ಡು ಹಂಚೋದು ಅಪರಾಧ ಅನ್ನೋದು ನಿಮಗೆ ಗೊತ್ತಿರೋದೇ, ನನ್ನ ಅನುಭವದಲ್ಲಿ ಅದರ ಇನ್ನೊಂದು ಕಷ್ಟ ಹೇಳ್ತೀನಿ. ದುಡ್ಡು ಕೊಟ್ಟು ಗೆದ್ದ ಸದಸ್ಯ ಮೊದಲನೇ ವರ್ಷವೇ ಅದನ್ನ ವಾಪಸ್ ತೆಗೆಯೋ ಯೋಚನೇಲಿ ಇರ್ತಾನೆ, ಕಂಟ್ರಾಕ್ಟರ್ ಹತ್ರ ಹೋಗ್ತಾನೆ, ಲೇಔಟ್ ಮಾಡೋರ ಹತ್ರ ಹೋಗ್ತಾನೆ, ಆಮೇಲೆ ಚರಂಡಿ ಸಿಮೆಂಟ್ ಎರಡು ಮಳೆಗೆ ಕಿತ್ತು ಬಂದ್ರೆ ಅವನು ಬಾಯಿ ಬಿಡೋ ಹಾಗಿಲ್ಲ. ಹಾಗಾಗಿ ನಿಮ್ಮ ಮಿತಿ ಇಷ್ಟು ಅಂತ ಮನೇಲಿ ಮೊದ್ಲೇ ಒಂದು ಅಂಕಿ ಬರೆದಿಡಿ, ಒಡವೆ ಅಡ ಇಡಲ್ಲ, ಸಂಘದ ದುಡ್ಡು ಮುಟ್ಟಲ್ಲ ಅಂತ ಗಟ್ಟಿ ಮಾಡ್ಕೊಳ್ಳಿ. ಸಂಘದ ದುಡ್ಡಿನ ಮಾತು ನಾನು ಬೇಕಂತಲೇ ಹೇಳಿದ್ದು. ಎಲೆಕ್ಷನ್ ಬಿಸೀಲಿ "ಆಮೇಲೆ ತುಂಬಿಸೋಣ" ಅಂತ ಸಂಘದ ಪಾಸ್‌ಬುಕ್ಕಿಂದ ತೆಗೆದು, ಸೋತ ಮೇಲೆ ಇಪ್ಪತ್ತು ಜನ ಹೆಂಗಸರಿಗೆ ಮುಖ ತೋರಿಸೋಕೆ ಆಗದೆ ಊರು ಬಿಟ್ಟ ಕುಟುಂಬ ನನಗೆ ಗೊತ್ತು.

ಪಾರ್ಟಿನಾ ಪಕ್ಷೇತರನಾ ಅಂತ ಕೇಳಿದೀರಿ. ಗ್ರಾಮ ಪಂಚಾಯ್ತಿ ಥರ ಅಲ್ಲ, ಇಲ್ಲಿ ಪಾರ್ಟಿ ಚಿಹ್ನೆ ಮೇಲೇನೇ ಎಲೆಕ್ಷನ್ನು. ಪಾರ್ಟಿಯಿಂದ ನಿಂತ್ರೆ ಬೂತಿಗೆ ಜನ ಸಿಗ್ತಾರೆ, ಚಿಹ್ನೆ ಜನಕ್ಕೆ ಮೊದ್ಲೇ ಗೊತ್ತಿರುತ್ತೆ, ಶಾಸಕರ ಅನುದಾನ ತರೋಕೆ ದಾರಿ ಇರುತ್ತೆ. ಆದ್ರೆ ಮೀಟಿಂಗಲ್ಲಿ ವಿಪ್ ಬಂದಾಗ ನಿಮ್ಮ ಕೈ ನಿಮ್ಮದಾಗಿರಲ್ಲ, ನಿಮ್ಮ ಬಡಾವಣೆಗೆ ವಿರುದ್ಧವಾದ ವಿಷಯಕ್ಕೂ ಕೈ ಎತ್ಬೇಕಾದ ದಿನ ಬರಬಹುದು. ಪಕ್ಷೇತರರಿಗೆ ಆ ಕಟ್ಟಿಲ್ಲ, ಎರಡು ಗುಂಪು ಸಮಸಮ ಇದ್ದಾಗ ನಾಲ್ಕು ಜನ ಪಕ್ಷೇತರರಿಗೆ ಬಹಳ ಬೆಲೆ ಬರುತ್ತೆ, ಆದ್ರೆ ಆಗಲೇ ಆಮಿಷವೂ ಬೆದರಿಕೆಯೂ ಬರೋದು, ಟಿಟಿ ಗಾಡಿ ನಿಮ್ಮ ಮನೆ ಮುಂದೆ ಬಂದು ನಿಲ್ಲುತ್ತೆ. ನಾಲ್ಕು ದಿನ ಮೂರು ಮಕ್ಕಳನ್ನ ಬಿಟ್ಟು ಯಾವುದೋ ಊರಿಗೆ ಹೋಗೋಕೆ ನೀವು ಒಪ್ತೀರಾ, ಒಪ್ಪದಿದ್ರೆ ಏನಂತ ಹೇಳ್ತೀರಾ, ಇದನ್ನ ಈಗಲೇ ಯೋಚಿಸಿಟ್ಕೊಳ್ಳಿ. ನನ್ನ ಮನಸ್ಸಿನ ಮಾತು ಕೇಳಿದ್ರೆ, ಹೊಸ ಬಡಾವಣೇಲಿ ಇಷ್ಟು ಪರಿಚಯ ಇರೋ ನಿಮ್ಮಂಥೋರು ಪಕ್ಷೇತರರಾಗಿ ನಿಂತ್ರೂ ತೊಂದ್ರೆ ಇಲ್ಲ. ಆದ್ರೆ ವಾರ್ಡ್ ಗಡಿ ಬದಲಾಗಿ ನಿಮ್ಮ ಬಡಾವಣೆ ಹಳೇ ಊರಿನ ಜೊತೆ ಸೇರ್ಕೊಂಡ್ರೆ ಲೆಕ್ಕ ಬೇರೆ, ಅಲ್ಲಿ ಪಾರ್ಟಿ ಇಲ್ದೆ ಕಷ್ಟ. "ಟಿಕೆಟ್ ಕೊಡಿಸ್ತೀನಿ" ಅಂದೋರು ದುಡ್ಡು ಕೇಳಿದ್ರೆ ಅಲ್ಲಿಗೇ ಕೈಮುಗಿದು ಕಳಿಸಿಬಿಡಿ.

ಇನ್ನು ನೀರು, ಖಾತಾ. ನಗರಸಭೆಯ ದಿನನಿತ್ಯದ ಆಡಳಿತ ಪೌರಾಯುಕ್ತರ ಕೈಲಿ, ಅವರನ್ನ ಕಳಿಸೋದು ಸರ್ಕಾರ. ಅಧ್ಯಕ್ಷರು ಮೀಟಿಂಗ್ ನಡೆಸ್ತಾರೆ, ಯಾವ ವಿಷಯ ಚರ್ಚೆಗೆ ಬರ್ಬೇಕು ಅನ್ನೋದರಲ್ಲಿ ಅವರ ಮಾತು ನಡೆಯುತ್ತೆ, ಅದು ಸಣ್ಣದಲ್ಲ. ಆದ್ರೆ ದುಡ್ಡಿನ ಬಹುಪಾಲು ಯಾವ ಕೆಲಸಕ್ಕೆ ಅಂತ ಮೇಲಿಂದಲೇ ಗೊತ್ತುಮಾಡಿ ಬರುತ್ತೆ. 2021ರಿಂದ 26ರ 15ನೇ ಹಣಕಾಸು ಆಯೋಗದ ಅನುದಾನ ತಗೊಳ್ಳಿ, ನಮ್ಮಂಥ ಊರಿಗೆ ಬಂದಿದ್ದರಲ್ಲಿ 60 ಪರ್ಸೆಂಟ್ ಕುಡಿಯೋ ನೀರಿಗೆ, ಕಸ ನೈರ್ಮಲ್ಯಕ್ಕೆ ಅಂತಲೇ ಮೀಸಲಿತ್ತು. ಪರಿಶಿಷ್ಟರ ಕಲ್ಯಾಣಕ್ಕೆ 24.10 ಪರ್ಸೆಂಟ್ ಅಂತ ಬೇರೆ ತೆಗೆದಿಡ್ಬೇಕು, ಅದು ಅವರಿಗೇ ಸೇರ್ಬೇಕಾದ್ದು, ಬೇರೆ ಕಡೆ ತಿರುಗಿಸೋಕೆ ಯಾರಾದ್ರೂ ಬಂದ್ರೆ ನೀವು ಎದ್ದು ನಿಂತು ಕೇಳ್ಬೇಕು. ಇದೆಲ್ಲ ಕಳೆದು ಕೌನ್ಸಿಲ್ ತನ್ನಿಷ್ಟಕ್ಕೆ ಖರ್ಚು ಮಾಡೋ ದುಡ್ಡು ಅಂದ್ರೆ ಮನೆ ಕಂದಾಯ, ನೀರಿನ ಬಿಲ್ಲು, ಮಳಿಗೆ ಬಾಡಿಗೆ, ಟ್ರೇಡ್ ಲೈಸೆನ್ಸು. ಮಳಿಗೆ ಬಾಡಿಗೆ ರಿಜಿಸ್ಟರ್ ಒಂದು ಸಲ ಕೇಳಿ ನೋಡಿ, ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಹದಿನೈದು ವರ್ಷದ ಹಿಂದಿನ ಬಾಡಿಗೆ ನಡೀತಿರೋದು ಎಷ್ಟೋ ಊರಲ್ಲಿ ಸಿಗುತ್ತೆ.

ಖಾತಾ ವಿಷಯದಲ್ಲಿ ಜನಕ್ಕೆ ಮಾತು ಕೊಡೋಕೆ ಹೋಗ್ಬೇಡಿ. ಯೋಜನಾ ಪ್ರಾಧಿಕಾರದ ಅನುಮೋದನೆ ಇಲ್ಲದ ರೆವಿನ್ಯೂ ಸೈಟುಗಳಿಗೆ 2025ರಿಂದ ಬಿ ಖಾತಾ ಕೊಡೋದು ಶುರುವಾಯ್ತು, ಅದು ತೆರಿಗೆ ಕಟ್ಟೋಕೆ ಅಂತ ಕೊಡೋದು, ಬಡಾವಣೆ ಸಕ್ರಮ ಆಯ್ತು ಅಂತ ಅಲ್ಲ. ಎ ಖಾತಾ ಅಂದ್ರೆ ಅನುಮೋದನೆ ಇರೋ ಆಸ್ತಿಗೆ ಕೊಡೋದು, "ನಾನು ಗೆದ್ರೆ ಎಲ್ಲರಿಗೂ ಎ ಖಾತಾ" ಅಂತ ಹೇಳಿದ್ರೆ ನಾಳೆ ನೀವೇ ಸಿಕ್ಕಿಹಾಕ್ಕೊಳ್ತೀರಿ, ಅದು ಅಧ್ಯಕ್ಷರ ಕೈಲೂ ಇಲ್ಲ. ನೀವು ಮಾಡಬಹುದಾದ್ದು, ಜನರ ಕಾಗದ ಸರಿ ಮಾಡಿಸಿ ಅರ್ಜಿ ಹಾಕಿಸೋದು, ಆ ಅರ್ಜಿ ಯಾರ ಟೇಬಲ್ ಮೇಲೆ ಕೂತಿದೆ ಅಂತ ಹಿಂದೆ ಬೀಳೋದು.

ನೀರು ಮಾತ್ರ ಬೇರೆ ಕಥೆ. ವಾಣಿವಿಲಾಸ ಸಾಗರ, ಶಾಂತಿಸಾಗರದಿಂದ ಪೈಪಲ್ಲಿ ಬರೋ ನೀರು ಎಷ್ಟು ಅನ್ನೋದು ಸದಸ್ಯರ ಕೈಲಿಲ್ಲ. ಆದ್ರೆ ಟ್ಯಾಂಕಿಂದ ಇಳಿದ ಮೇಲೆ ಯಾವ ಬೀದಿಗೆ ಎಷ್ಟು ಹೊತ್ತು ಅನ್ನೋದು ಊರೊಳಗಿನ ವ್ಯವಹಾರ, ವಾಲ್‌ಮನ್ ಕೈಲಿರೋ ಆ ಉದ್ದ ಕಬ್ಬಿಣದ ಕೀಲಿ ಇದೆಯಲ್ಲ, ಅದರ ವ್ಯವಹಾರ. ನಾನಿದ್ದ ಒಂದು ಪುರಸಭೇಲಿ ಮೊದಲ ಸಲ ಗೆದ್ದ ಒಬ್ರು ಹೆಣ್ಮಗಳು, ಹೋಟೆಲಿಗೆ ರೊಟ್ಟಿ ಮಾಡಿ ಕೊಡ್ತಿದ್ದೋರು, ಗೆದ್ದ ತಿಂಗಳು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ವಾಲ್‌ಮನ್ ಹಿಂದೆ ಹೋದ್ರು. ಮಗಳ ಸ್ಕೂಲಿನ ಹಳೇ ನೋಟ್‌ಬುಕ್ಕು, ಅದರಲ್ಲಿ ಗೆರೆ ಹಾಕಿ ವಾಲ್ವ್ ನಂಬರ್, ಬಿಟ್ಟ ಟೈಮು, ನಿಲ್ಲಿಸಿದ ಟೈಮು, ಕೊನೇ ಮನೇಲಿ ಕೊಡ ತುಂಬೋಕೆ ಎಷ್ಟು ನಿಮಿಷ, ಎಲ್ಲ ಬರ್ಕೊಂಡ್ರು. ಮೀಟಿಂಗಲ್ಲಿ ಆ ನೋಟ್‌ಬುಕ್ ತೆಗೆದು "ಮೇನ್ ರೋಡ್ ಪಕ್ಕದ ಎರಡು ಕ್ರಾಸಿಗೆ ಮೂರು ಗಂಟೆ, ನಮ್ಮ ಕೊನೇ ಕ್ರಾಸಿಗೆ ನಲವತ್ತು ನಿಮಿಷ, ಯಾಕೆ?" ಅಂತ ಓದಿದ್ರು. ಯಾರಿಗೂ ಮಾತು ಬರ್ಲಿಲ್ಲ. ಇಂಜಿನಿಯರ್ ಮಾರನೇ ದಿನವೇ ಟೈಮ್ ಪಟ್ಟಿ ಮಾಡಿದ್ರು, ಆಯಮ್ಮ ಅದನ್ನ ರೇಷನ್ ಅಂಗಡಿ ಗೋಡೆಗೆ ಅಂಟಿಸಿದ್ರು. ಒಂದು ರೂಪಾಯಿ ಅನುದಾನ ಬೇಕಾಗ್ಲಿಲ್ಲ. ಅವರು ಅಧ್ಯಕ್ಷೆ ಆಗ್ಲೇ ಇಲ್ಲ, ಆದ್ರೆ ಮುಂದಿನ ಎಲೆಕ್ಷನ್ನಲ್ಲಿ ಮತ್ತೆ ಗೆದ್ರು.

ನೀರಿನ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2023ರ ಆಗಸ್ಟಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟೀಲಿ ಕಲುಷಿತ ನೀರು ಕುಡಿದು ಜನ ತೀರ್ಕೊಂಡ್ರು, ಎಷ್ಟೋ ಜನ ಆಸ್ಪತ್ರೆ ಸೇರಿದ್ರು. ನಾನಾಗ ಡ್ಯೂಟೀಲಿ ಇರ್ಲಿಲ್ಲ, ಆದ್ರೂ ಆ ವಾರ ನಿದ್ದೆ ಬರ್ಲಿಲ್ಲ. ಚರಂಡಿ ಒಳಗೇ ಹಾದು ಹೋಗಿರೋ ನೀರಿನ ಪೈಪು ನಮ್ಮ ಊರುಗಳಲ್ಲಿ ಎಷ್ಟಿದಾವೆ ಅಂತ ನಮಗೆಲ್ಲ ಗೊತ್ತು. ನಿಮ್ಮ ಬಡಾವಣೇಲಿ ಮೂರು ದಿನದಲ್ಲಿ ಅವಸರವಾಗಿ ಹಾಕಿದ ಪೈಪು ಎಲ್ಲೆಲ್ಲಿ ಚರಂಡಿ ನೀರಿನ ಪಕ್ಕ ಹೋಗಿದೆ ಅಂತ ಗೆದ್ದ ಮೇಲೆ ನೋಡೋಣ ಅನ್ಬೇಡಿ, ಈ ವಾರವೇ ನಡ್ಕೊಂಡು ಹೋಗಿ ನೋಡಿ, ಕಂಡಿದ್ದನ್ನ ಬರೆದು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಇನ್ನೊಂದು ಮಾತು, ಬೇಜಾರಾಗ್ಬೇಡಿ. ನಮ್ಮಲ್ಲಿ ಅರ್ಧ ಸೀಟು ಮಹಿಳೆಯರಿಗಿದೆ, ಆದ್ರೆ ಮೀಟಿಂಗಿಗೆ ಹೆಂಡತಿ ಜೊತೆ ಬಂದು ಹಿಂದಿನ ಕುರ್ಚೀಲಿ ಕೂತು ಅಲ್ಲಿಂದಲೇ ಉತ್ತರ ಕೊಡೋ ಗಂಡಂದಿರನ್ನ ನಾನು ಎಷ್ಟೋ ಸಲ ಹೊರಗೆ ಕಳಿಸಿದೀನಿ. ನಿಮ್ಮನೆಯೋರು ಒಳ್ಳೆಯೋರೇ ಇರ್ಬಹುದು, ಕಂಟ್ರಾಕ್ಟ್ ಲೈನ್ ಗೊತ್ತಿರೋದ್ರಿಂದ ನಿಮಗೆ ಎಸ್ಟಿಮೇಟ್ ಓದೋದು, ಅಳತೆ ನೋಡೋದು ಮನೇಲಿ ಹೇಳಿಕೊಡ್ಲಿ, ಅದು ದೊಡ್ಡ ಉಪಕಾರ. ಆದ್ರೆ ಫೋನ್ ನಿಮ್ಮ ಕೈಲಿರ್ಲಿ, ಸೈನ್ ನೀವೇ ಓದಿ ಹಾಕಿ. ವಾರ್ಡಿನ ಜನ ಬಂದು "ಯಜಮಾನ್ರು ಇದಾರಾ" ಅಂತ ಕೇಳಿದ್ರೆ "ಸದಸ್ಯೆ ನಾನು, ಹೇಳಿ" ಅನ್ನೋದನ್ನ ಮೊದಲ ದಿನದಿಂದ ರೂಢಿ ಮಾಡ್ಕೊಳ್ಳಿ.

ನಿಲ್ಲದೇ ಇರೋದೂ ಒಂದು ದಾರಿ. ಕೊಡ ಹಿಡ್ಕೊಂಡು ಕೂತು ಮೂರು ದಿನಕ್ಕೆ ಪೈಪ್ ಹಾಕಿಸಿದ ಹೆಂಗಸರ ಗುಂಪಿಗೆ ಸದಸ್ಯರೂ ಹೆದರ್ತಾರೆ, ಅಧಿಕಾರಿಗಳೂ ಹೆದರ್ತಾರೆ, ನಾನೇ ಅಂಥ ಗುಂಪಿನ ಮುಂದೆ ನಿಂತೋನು, ಆ ಒತ್ತಡ ಏನು ಅಂತ ಗೊತ್ತು. ಮಾಹಿತಿ ಹಕ್ಕಲ್ಲಿ ಎಸ್ಟಿಮೇಟ್ ಕೇಳೋದು, ವಾರ್ಡ್ ಗಡಿ ಕರಡು ಬಂದಾಗ ಆಕ್ಷೇಪಣೆ ಹಾಕೋದು, ಇದಕ್ಕೆ ಸದಸ್ಯತ್ವ ಬೇಕಾಗಿಲ್ಲ. ನಿಮ್ಮನೆಯೋರ ಕಂಟ್ರಾಕ್ಟ್ ಬಿಡೋ ಸ್ಥಿತೀಲಿ ಮನೆ ಇಲ್ಲ ಅಂದ್ರೆ ಈ ಸಲ ಗುಂಪಿನಿಂದ ಬೇರೆ ಯಾರನ್ನಾದ್ರೂ ನಿಲ್ಲಿಸಿ ನೀವು ಬೆನ್ನಿಗೆ ನಿಲ್ಲಬಹುದು.

ನಿಲ್ತೀನಿ ಅನ್ನೋದೇ ಆದ್ರೆ ಈ ತಿಂಗಳು ಮೂರು ಕೆಲಸ ಮಾಡಿ. ಮತದಾರರ ಪಟ್ಟಿ ತಗೊಂಡು ನಿಮ್ಮ ಇನ್ನೂರು ಮನೆಗೂ ಹೋಗಿ ಯಾರ ಹೆಸರಿದೆ ಯಾರದಿಲ್ಲ ಅಂತ ಗುರುತು ಹಾಕಿ, ಇಲ್ಲದೋರಿಗೆ ಫಾರಂ ತುಂಬಿಸಿ. ನಿಮ್ಮನೆಯೋರ ಫೈಲು ಅಳತೆ ಪುಸ್ತಕದಲ್ಲಿ ಎಲ್ಲಿಗೆ ಬಂದಿದೆ ಅಂತ ಕೇಳಿ. ತವರಿಗೆ ಹೋದಾಗ ತಂದೆಯೋರ ಜಾತಿ ದಾಖಲೆ, ನಿಮ್ಮ ಸ್ಕೂಲಿನ ಟಿಸಿ ತಂದಿಟ್ಕೊಳ್ಳಿ. ಆ ಪಟ್ಟೀಲಿ ನಿಮ್ಮ ಬಡಾವಣೆಯೋರ ಹೆಸರು ಎಷ್ಟು ಸಿಕ್ತು ಅಂತ ನನಗೆ ಬರೀರಿ, ಆ ಅಂಕಿ ನೋಡಿದ ಮೇಲೆ ಮಿಕ್ಕಿದ್ದು ಮಾತಾಡೋಣ.